ಸಾರ್ಟ್ ಮಾಡಿದರೆ ಫೈಲೇ ಖಾಲಿಯಾಯಿತು: ಉಬುಂಟು ಟರ್ಮಿನಲ್ ಕಲಿಯುವುದು ಎಲ್ಲಿಂದ?

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು 24.04 (ಲಿನಕ್ಸ್‌ನ ಒಂದು ಬಗೆ) ಹಾಕಿಸಿಕೊಂಡಿದ್ದೇನೆ. ನಮ್ಮ ಕಡೆಯ ಗಾದೆಗಳನ್ನು ಸಂಗ್ರಹಿಸಿ, ಸಾಲಿಗೊಂದರಂತೆ ಟೈಪ್ ಮಾಡಿ ಇಟ್ಟಿದ್ದೇನೆ. ನಲವತ್ತು ಫೈಲುಗಳಿವೆ, ಕೆಲವು ವಿಂಡೋಸ್‌ನಲ್ಲಿ ಮಾಡಿದವು. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಬಂದರೆ ಇವನ್ನು ಅಕಾರಾದಿಯಾಗಿ ಜೋಡಿಸುವುದು, ಎರಡೆರಡು ಸಲ ಬಂದದ್ದನ್ನು ತೆಗೆಯುವುದು ನಿಮಿಷದ ಕೆಲಸ ಎಂದು ಕೇಳಿ, ನೂರು ಕಮಾಂಡ್‌ಗಳ ಪಟ್ಟಿ ಬಾಯಿಪಾಠ ಮಾಡಲು ಹೊರಟೆ. ವಾರ ಕಳೆಯುವುದರೊಳಗೆ ಅರ್ಧ ಮರೆತಿತ್ತು. ಮೊನ್ನೆ ‘ಗಾದೆ’ ಎಂಬ ಫೈಲನ್ನು ಸಾರ್ಟ್ ಮಾಡಿ ಅದೇ ಹೆಸರಿಗೆ ಉಳಿಸಲು ಹೋದೆ, ಫೈಲೇ ಖಾಲಿ. ತಪ್ಪಿದ್ದೆಲ್ಲಿ? ಕಲಿಕೆ ಎಲ್ಲಿಂದ ಶುರುಮಾಡಲಿ?

ಉತ್ತರ: ಮೊದಲು ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆಯಿರಿ. ಫೈಲಿನ ಹೆಸರು ಮಾತ್ರ ಕನ್ನಡದಲ್ಲೇ ಇರಬಹುದು, ಲಿನಕ್ಸ್‌ಗೆ ಅದರಿಂದ ತೊಂದರೆಯಿಲ್ಲ. ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಮೂರಕ್ಷರದ ಬಾಲ ಸೇರಿಸಲೇಬೇಕು ಎಂಬ ಕಡ್ಡಾಯವೂ ಇಲ್ಲ.

ನಿಮ್ಮ ಫೈಲನ್ನು ಖಾಲಿ ಮಾಡಿದ್ದು ಸಾರ್ಟ್ ಅಲ್ಲ. ಸಾರ್ಟ್ ಎದ್ದು ಕೂರುವ ಹೊತ್ತಿಗೇ ಅದು ಖಾಲಿಯಾಗಿತ್ತು. ನೀವು ಕೊಟ್ಟ ಸಾಲು ಹೀಗಿದ್ದಿರಬೇಕು:

ಸಾರ್ಟ್ ಗಾದೆ > ಗಾದೆ

ಎಂಟರ್ ಒತ್ತಿದಾಗ ಈ ಸಾಲು ನೇರವಾಗಿ ಸಾರ್ಟ್‌ನ ಕೈಗೆ ಹೋಗುವುದಿಲ್ಲ. ನಡುವೆ ಶೆಲ್ ಎಂಬ ಪ್ರೋಗ್ರಾಮ್ ಇದೆ. ಉಬುಂಟುವಿನಲ್ಲಿ ಅದು ಬ್ಯಾಷ್, 1989ರಷ್ಟು ಹಳೆಯದು. ಸಾಲನ್ನು ಮೊದಲು ಓದುವುದು ಅದೇ. ‘> ಗಾದೆ’ ಎಂಬುದನ್ನು ಕಂಡೊಡನೆ ‘ಗಾದೆ’ಯನ್ನು ಬರೆಯಲೆಂದು ತೆರೆಯುತ್ತದೆ, ಇದ್ದದ್ದನ್ನೆಲ್ಲ ಅಳಿಸಿ ಸೊನ್ನೆ ಬೈಟ್‌ಗೆ ತರುತ್ತದೆ. ಆಮೇಲೆ ಸಾರ್ಟ್‌ನನ್ನು ಕರೆಯುತ್ತದೆ. ಸಾರ್ಟ್ ಖಾಲಿ ಫೈಲನ್ನು ಓದಿ, ಖಾಲಿಯನ್ನೇ ಜೋಡಿಸಿ ಕೊಟ್ಟು ಹೋಗುತ್ತದೆ. ತಪ್ಪೇನೂ ನಡೆದಿಲ್ಲ ಎಂಬಂತೆ ಸುಮ್ಮನಿರುವುದೂ ಅದಕ್ಕೇ. ಹೋದದ್ದು ಟ್ರ್ಯಾಶ್‌ನಲ್ಲೂ ಇರುವುದಿಲ್ಲ. ಆ ಫೈಲು ಬೇರೆ ಕಿಟಕಿಯಲ್ಲಿ, ಯಾವುದಾದರೂ ಎಡಿಟರ್‌ನಲ್ಲಿ ಇನ್ನೂ ತೆರೆದೇ ಇದ್ದರೆ ‘ರೀಲೋಡ್’ ಒತ್ತದೆ ಹೊಸ ಹೆಸರಿಗೆ ಸೇವ್ ಮಾಡಿ. ಇಲ್ಲದಿದ್ದರೆ ಹಳೆಯ ಪ್ರತಿಯೇ ಗತಿ.

ಸರಿಯಾದ ದಾರಿ:

ಸಾರ್ಟ್ -ಒ ಗಾದೆ ಗಾದೆ

ಇಲ್ಲಿ ಬರೆಯುವ ಕೆಲಸವನ್ನು ಶೆಲ್ ಬದಲು ಸಾರ್ಟ್ ತಾನೇ ಮಾಡುತ್ತದೆ. ಪೂರ್ತಿ ಓದಿ ಮುಗಿಸಿದ ಮೇಲೆಯೇ ಅದು ಬರೆಯಲು ಫೈಲು ತೆರೆಯುವುದು. ಇನ್ನೊಂದು ಬೇಲಿಯನ್ನೂ ಈಗಲೇ ಹಾಕಿಬಿಡಿ. ಹೋಮ್ ಫೋಲ್ಡರಿನಲ್ಲಿ ‘.ಬ್ಯಾಷ್‌ಆರ್‌ಸಿ’ ಎಂಬ ಫೈಲಿದೆ, ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಮಾಮೂಲಾಗಿ ಕಾಣುವುದಿಲ್ಲ. ‘ನ್ಯಾನೋ ~/.ಬ್ಯಾಷ್‌ಆರ್‌ಸಿ’ ಎಂದು ನ್ಯಾನೋ ಎಡಿಟರ್‌ನಲ್ಲಿ ತೆರೆದು ಕೊನೆಯ ಸಾಲಾಗಿ ಇದನ್ನು ಸೇರಿಸಿ:

ಸೆಟ್ -ಒ ನೋಕ್ಲಾಬರ್

ಕಂಟ್ರೋಲ್-ಒ, ಎಂಟರ್, ಕಂಟ್ರೋಲ್-ಎಕ್ಸ್: ಉಳಿಸಿ ಹೊರಬರಲು ಇಷ್ಟೇ. ಟರ್ಮಿನಲ್ ಮುಚ್ಚಿ ತೆರೆಯಿರಿ. ಇನ್ನು ಮುಂದೆ ಇದ್ದ ಫೈಲಿನ ಮೇಲೆ ‘>’ ಬರೆಯಹೊರಟರೆ ಬ್ಯಾಷ್ ‘ಕೆನಾಟ್ ಓವರ್‌ರೈಟ್ ಎಕ್ಸಿಸ್ಟಿಂಗ್ ಫೈಲ್’ ಎಂದು ತಡೆಯುತ್ತದೆ. ಬೇಕೆಂದೇ ಬರೆಯುವಾಗ ‘>|’ ಬಳಸಿ. ಆದರೆ ಈ ಬೇಲಿ ‘>’ಗೆ ಮಾತ್ರ, ನಕಲಿಸುವ ಸಿಪಿ, ಹೆಸರು ಬದಲಿಸುವ ಎಂವಿ ಇದನ್ನು ಲೆಕ್ಕಿಸುವುದಿಲ್ಲ. ಅವಕ್ಕೆ ‘-ಐ’ ಸೇರಿಸಿದರೆ, ಇದ್ದದ್ದರ ಮೇಲೆ ಬರೆಯುವ ಮುನ್ನ ಕೇಳುತ್ತವೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ನೂರು ಕಮಾಂಡ್ ಬಾಯಿಪಾಠ ಬೇಡ. ಹದಿನೈದು ಸಾಕು, ಮರೆತರೆ ಮತ್ತೆ ನೋಡಿಕೊಳ್ಳಬಹುದು. ಮೊದಲು ಕಲಿಯಬೇಕಾದದ್ದು ಶೆಲ್ ಒಂದು ಸಾಲನ್ನು ಹೇಗೆ ಓದುತ್ತದೆ ಎಂಬುದನ್ನು. ಹೊಸಬರಿಗೆ ಆಗುವ ಅನಾಹುತಗಳಲ್ಲಿ ಬಹುಪಾಲು ಅಲ್ಲೇ ಆಗುವುದು; ಕಮಾಂಡ್ ತನಗೆ ಹೇಳಿದ್ದನ್ನು ಮಾಡಿರುತ್ತದೆ ಅಷ್ಟೆ.

ಶೆಲ್‌ಗೆ ಜಾಗ ಬಿಟ್ಟಲ್ಲೆಲ್ಲ ಪದ ಮುಗಿಯುತ್ತದೆ. ಮೊದಲ ಪದ ಕಮಾಂಡ್, ಉಳಿದವು ಅದಕ್ಕೆ ಒಪ್ಪಿಸುವ ಸಾಮಾನು. ನಿಮ್ಮ ಫೋಲ್ಡರಿನಲ್ಲಿ ‘ಗಾದೆ’ ಎಂಬ ಒಂದು ಫೈಲು, ‘ಹಳೆ ಗಾದೆ’ ಎಂಬ ಇನ್ನೊಂದು ಇದೆ ಎನ್ನಿ. ಹಳೆಯದನ್ನು ಅಳಿಸಲು

ಆರ್‌ಎಂ ಹಳೆ ಗಾದೆ

ಎಂದರೆ ಶೆಲ್ ಎರಡು ಹೆಸರು ಕಾಣುತ್ತದೆ: ‘ಹಳೆ’ ಮತ್ತು ‘ಗಾದೆ’. ‘ಹಳೆ’ ಎಂಬ ಫೈಲಿಲ್ಲ, ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಆರ್‌ಎಂ ಗೊಣಗುತ್ತದೆ. ‘ಗಾದೆ’ ಇದೆ, ಅದನ್ನು ಅಳಿಸುತ್ತದೆ. ಬೇಡದ್ದು ಉಳಿಯಿತು, ಬೇಕಾದ್ದು ಹೋಯಿತು, ಕಣ್ಣಿಗೆ ಬಿದ್ದದ್ದು ನಿರುಪದ್ರವಿ ಎನಿಸುವ ಒಂದು ದೂರು ಮಾತ್ರ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ: ಆರ್‌ಎಂ "ಹಳೆ ಗಾದೆ". ಕೀಬೋರ್ಡಿನ ನೇರ ಚಿಹ್ನೆಯನ್ನೇ ಬಳಸಿ. ವರ್ಡ್ ಪ್ರೊಸೆಸರ್ ಅಥವಾ ವಾಟ್ಸ್ಆಪ್‌ನಿಂದ ನಕಲಿಸಿದ ಬಾಗಿದ ಚಿಹ್ನೆ ಶೆಲ್‌ಗೆ ಬರೀ ಒಂದು ಅಕ್ಷರ. ಹೊಸ ಫೈಲುಗಳಿಗೆ ಹೆಸರಿಡುವಾಗ ಜಾಗದ ಬದಲು ಅಡಿಗೆರೆ (_) ಹಾಕಿದರೆ ಈ ತಾಪತ್ರಯವೇ ಇಲ್ಲ.

ಹೆಸರನ್ನು ಪೂರ್ತಿ ಟೈಪ್ ಮಾಡುವುದು ಹೇಗೂ ದಡ್ಡತನ. ಮೊದಲ ಒಂದೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿ, ಉಳಿದದ್ದನ್ನು ಶೆಲ್ ತುಂಬುತ್ತದೆ, ಜಾಗವಿದ್ದರೆ ಅದಕ್ಕೆ ಬೇಕಾದ ಗುರುತನ್ನೂ ಹಾಕುತ್ತದೆ. ಟ್ಯಾಬ್ ತುಂಬಲಿಲ್ಲವೆಂದರೆ ನೀವು ಬೇರೆ ಫೋಲ್ಡರಿನಲ್ಲಿದ್ದೀರಿ, ಅಥವಾ ಕಾಗುಣಿತ ತಪ್ಪಿದೆ ಎಂದು ಅಲ್ಲೇ ತಿಳಿಯುತ್ತದೆ. ಫೈಲ್ ಮ್ಯಾನೇಜರ್‌ನಿಂದ ಫೈಲನ್ನು ಎಳೆದು ಟರ್ಮಿನಲ್ ಮೇಲೆ ಬಿಟ್ಟರೂ ಪೂರ್ತಿ ವಿಳಾಸ ಬಂದು ಕೂರುತ್ತದೆ. ಕನ್ನಡ ಹೆಸರಿಗೆ ಇದು ಹೇಳಿ ಮಾಡಿಸಿದ ಉಪಾಯ. ಪದೇ ಪದೇ ಸೂಪರ್-ಸ್ಪೇಸ್ ಒತ್ತಿ ಭಾಷೆ ಬದಲಿಸುವುದು ತಪ್ಪುತ್ತದೆ. ‘ಕಮಾಂಡ್ ನಾಟ್ ಫೌಂಡ್’ ಬಂದಾಗ ಮೊದಲು ನೋಡಬೇಕಾದದ್ದೂ ಇದನ್ನೇ: ಕೀಬೋರ್ಡ್ ಕನ್ನಡದಲ್ಲೇ ಉಳಿದಿಲ್ಲ ತಾನೆ?

ನಕ್ಷತ್ರ ಚಿಹ್ನೆಯನ್ನು ಬಿಡಿಸುವುದೂ ಶೆಲ್ಲೇ. ‘ಆರ್‌ಎಂ *’ ಎಂದರೆ ಆರ್‌ಎಂಗೆ ನಕ್ಷತ್ರ ಕಾಣುವುದೇ ಇಲ್ಲ, ನಲವತ್ತು ಹೆಸರುಗಳ ಸಾಲು ಕಾಣುತ್ತದೆ. ಕೆಲವು ಎಡಿಟರ್‌ಗಳು ಹಳೆಯ ಪ್ರತಿಗೆ ಕೊನೆಯಲ್ಲಿ ~ ಸೇರಿಸಿ ಇಡುತ್ತವೆ. ಅವನ್ನು ತೆಗೆಯಲು ‘ಆರ್‌ಎಂ *~’ ಎನ್ನಬೇಕಾದಲ್ಲಿ ಕೈ ತಪ್ಪಿ ‘ಆರ್‌ಎಂ * ~’ ಎಂದರೆ ನಕ್ಷತ್ರ ಬೇರೆ ಪದವಾಯಿತು, ಫೋಲ್ಡರಿನ ಫೈಲುಗಳೆಲ್ಲ ಹೋದವು. ಒಂದು ಜಾಗದ ವ್ಯತ್ಯಾಸ. ಆದ್ದರಿಂದ ನಕ್ಷತ್ರವಿರುವ ಯಾವ ಅಳಿಸುವ ಸಾಲಿಗೂ ಮೊದಲು ಮುಂದೆ ‘ಎಕೋ’ ಹಾಕಿ ಓಡಿಸಿ:

ಎಕೋ ಆರ್‌ಎಂ *~

ಶೆಲ್ ಬಿಡಿಸಿದ ಸಾಲು ತೆರೆಯ ಮೇಲೆ ಬರುತ್ತದೆ, ಏನೂ ಅಳಿಯುವುದಿಲ್ಲ. ಸರಿಯಾಗಿದ್ದರೆ ಮೇಲಿನ ಬಾಣದ ಕೀ ಒತ್ತಿ, ‘ಎಕೋ’ ತೆಗೆದು, ಎಂಟರ್. ಟರ್ಮಿನಲ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ.

‘ಪರ್ಮಿಷನ್ ಡಿನೈಡ್’ ಬಂದಾಕ್ಷಣ ಮುಂದೆ ‘ಸುಡೊ’ (ಮೇಲಧಿಕಾರಿಯ ಹಕ್ಕಿನಿಂದ ಓಡಿಸು ಎಂಬ ಕಮಾಂಡ್) ಅಂಟಿಸುವ ಚಾಳಿ ಮಾತ್ರ ಬೇಡ. ಸುಡೊ ಹಾಕಿ ಮಾಡಿದ ಫೈಲಿಗೆ ಒಡೆಯ ರೂಟ್ ಎಂಬ ಆ ಮೇಲಧಿಕಾರಿ, ನಾಳೆ ನಿಮ್ಮದೇ ಗಾದೆ ಫೈಲು ನಿಮಗೇ ತಿದ್ದಲು ಬಾರದು. ಹಾಗೆ ಆಗಿಹೋಗಿದ್ದರೆ ‘ಸುಡೊ ಸಿಎಚ್‌ಓನ್ -ಆರ್’ (ಈ ಆರ್ ದೊಡ್ಡಕ್ಷರ), ಜಾಗ ಬಿಟ್ಟು ನಿಮ್ಮ ಬಳಕೆದಾರ ಹೆಸರು, ಜಾಗ ಬಿಟ್ಟು ಫೋಲ್ಡರಿನ ಹೆಸರು ಕೊಟ್ಟರೆ ಒಡೆತನ ವಾಪಸ್ ಬರುತ್ತದೆ. ನಿಮ್ಮ ಕೆಲಸಕ್ಕೆ ಸುಡೊ ಬೇಕಾಗುವುದು ಬಹುಮಟ್ಟಿಗೆ ಹೊಸ ಸಾಫ್ಟ್‌ವೇರ್ ಹಾಕುವಾಗ ಮಾತ್ರ. ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿಯೂ ಕಾಣುವುದಿಲ್ಲ, ಕೀಬೋರ್ಡ್ ಕೆಟ್ಟಿಲ್ಲ, ಹೊಡೆದು ಎಂಟರ್ ಒತ್ತಿ.

ಇನ್ನು ನಿಮ್ಮ ಗಾದೆಗಳಿಗೆ ಬರೋಣ. ಕಲಿಕೆಗೆ ಸ್ವಂತ ಕೆಲಸದಷ್ಟು ಒಳ್ಳೆಯ ಪಾಠವಿಲ್ಲ, ಆದರೆ ನಕಲಿನ ಮೇಲೆ. ಫೋಲ್ಡರಿನ ಹೆಸರು ‘ಸಂಗ್ರಹ’ ಎಂದಿಟ್ಟುಕೊಂಡರೆ:

ಸಿಪಿ -ಎ ಸಂಗ್ರಹ ಅಭ್ಯಾಸ
ಸಿಡಿ ಅಭ್ಯಾಸ
ಎಲ್‌ಎಸ್ -ಎಲ್

ಮೊದಲನೆಯದು ಫೋಲ್ಡರನ್ನು ತಾರೀಖು ಸಮೇತ ನಕಲಿಸಿತು, ಎರಡನೆಯದು ಒಳಗೆ ಕರೆದೊಯ್ದಿತು, ಮೂರನೆಯದು ಗಾತ್ರ, ದಿನಾಂಕಗಳೊಂದಿಗೆ ಪಟ್ಟಿ ತೋರಿಸಿತು. ಎಲ್ಲಿದ್ದೇನೆಂದು ಮರೆತರೆ ‘ಪಿಡಬ್ಲ್ಯುಡಿ’. ಆ ಮೂರಕ್ಷರಕ್ಕೆ ಲೋಕೋಪಯೋಗಿ ಇಲಾಖೆ ನೆನಪಾದರೆ ತಪ್ಪಿಲ್ಲ, ಮರೆಯುವುದಂತೂ ಇಲ್ಲ.

ಜೋಡಿಸುವ ಮೊದಲು ಫೈಲುಗಳು ಯಾವ ಜಾತಿಯವು ಎಂದು ನೋಡಿ. ‘ಫೈಲ್ *’ ಎಂಬ ಕಮಾಂಡ್ ಪ್ರತಿಯೊಂದರ ಎದುರಿಗೂ ಒಂದು ಷರಾ ಬರೆಯುತ್ತದೆ. ‘ಯುಟಿಎಫ್-8’ (ಯುನಿಕೋಡ್ ಪಠ್ಯ) ಎಂದಿದ್ದರೆ ಸರಿ. ‘ವಿತ್ ಸಿಆರ್‌ಎಲ್‌ಎಫ್ ಲೈನ್ ಟರ್ಮಿನೇಟರ್ಸ್’ ಎಂದಿದ್ದರೆ ಅದು ವಿಂಡೋಸ್‌ನಲ್ಲಿ ಹುಟ್ಟಿದ್ದು. ಅಲ್ಲಿ ಪ್ರತಿ ಸಾಲಿನ ಕೊನೆಗೂ ಕಾಣದ ಅಕ್ಷರವೊಂದು ಹೆಚ್ಚಿಗೆ ಇರುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಎರಡೂ ಕಡೆ ಇದ್ದರೆ ನಿಮ್ಮ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ಎರಡೆರಡು ಸಲ ಬಂದ ಗಾದೆ ಹೋಗಲೇ ಇಲ್ಲ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ. ಸರಿಪಡಿಸಲು:

ಸುಡೊ ಆಪ್ಟ್ ಇನ್‌ಸ್ಟಾಲ್ ಡಾಸ್2ಯುನಿಕ್ಸ್
ಡಾಸ್2ಯುನಿಕ್ಸ್ *

ಇದು ಫೈಲನ್ನೇ ತಿದ್ದುತ್ತದೆ. ನಕಲಿನ ಮೇಲೆ ಮಾಡಿ ಎಂದದ್ದು ಇದಕ್ಕೂ ಸೇರಿ. ಸಾಫ್ಟ್‌ವೇರ್ ಹಾಕುವ ಈ ಆಪ್ಟ್ ಓಡಿಸಿದಾಗ ‘ಕುಡ್ ನಾಟ್ ಗೆಟ್ ಲಾಕ್’ ಎಂದು ಬಂದರೆ ಗಾಬರಿ ಬೇಡ. ಉಬುಂಟು ಹಿಂದಿನಿಂದ ತನ್ನಷ್ಟಕ್ಕೆ ಅಪ್‌ಡೇಟ್ ಮಾಡಿಕೊಳ್ಳುತ್ತಿರುತ್ತದೆ, ಅದು ಮುಗಿಯುವ ತನಕ ಕಾಯಿರಿ. ಆ ಲಾಕ್ ಫೈಲನ್ನೇ ಅಳಿಸಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ, ಕಿವಿಗೆ ಹಾಕಿಕೊಳ್ಳಬೇಡಿ. ಅರ್ಧಕ್ಕೆ ಬಂದ ಅಪ್‌ಡೇಟ್ ಮೇಲೆ ಇನ್ನೊಂದನ್ನು ಹೊರಿಸಿದರೆ ಸಾಫ್ಟ್‌ವೇರ್ ಪಟ್ಟಿಯೇ ಕೆಟ್ಟು ಕೂರುತ್ತದೆ.

‘ಫೈಲ್’ ಕಮಾಂಡ್ ‘ಐಎಸ್ಒ-8859’ ಎಂದೋ ‘ಆಸ್ಕಿ’ ಎಂದೋ ಹೇಳಿ, ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ಯುನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನ ಪಠ್ಯ. ಅದನ್ನು ಯುನಿಕೋಡ್‌ಗೆ ಪರಿವರ್ತಿಸದೆ ಟರ್ಮಿನಲ್‌ನಲ್ಲಿ ಹುಡುಕುವುದೂ ಆಗದು, ಜೋಡಿಸುವುದೂ ಆಗದು.

ಈಗ ಜೋಡಣೆ:

ಎಲ್‌ಸಿ_ಆಲ್=ಸಿ ಸಾರ್ಟ್ -ಯು * > ../ಎಲ್ಲ

ಮೊದಲ ಭಾಗವನ್ನು, ಸಮಚಿಹ್ನೆಯ ಆಚೆಯ ಸಿ ಸಮೇತ, ದೊಡ್ಡಕ್ಷರಗಳಲ್ಲಿ ಬರೆಯಬೇಕು. ಅದರ ಅರ್ಥ, ಭಾಷೆಯ ನಿಯಮ ಯಾವುದೂ ಬೇಡ, ಬೈಟ್‌ಗೆ ಬೈಟ್ ಹೋಲಿಸು. ‘-ಯು’ ಒಂದೇ ತೆರನ ಸಾಲುಗಳಲ್ಲಿ ಒಂದನ್ನು ಮಾತ್ರ ಉಳಿಸುತ್ತದೆ. ಫಲಿತಾಂಶವನ್ನು ‘../’ ಎಂದು ಒಂದು ಮೆಟ್ಟಿಲು ಮೇಲಿನ ಫೋಲ್ಡರಿಗೆ ಕಳಿಸಿದ್ದು ಸುಮ್ಮನೆ ಅಲ್ಲ. ಇದೇ ಫೋಲ್ಡರಿನಲ್ಲಿ ಇಟ್ಟರೆ ಮುಂದಿನ ಸಲ ನಕ್ಷತ್ರ ‘ಎಲ್ಲ’ವನ್ನೂ ಎಳೆದುಕೊಳ್ಳುತ್ತದೆ, ಲೆಕ್ಕ ತಪ್ಪುತ್ತದೆ.

ಜೋಡಣೆಯಾದ ಪಟ್ಟಿಯನ್ನು ‘ಲೆಸ್ ../ಎಲ್ಲ’ ಎಂದು ತೆರೆಯಿರಿ. ಸ್ಪೇಸ್ ಒತ್ತಿದರೆ ಮುಂದಿನ ಪುಟ, ಓರೆಗೆರೆಯ (/) ನಂತರ ಪದ ಹೊಡೆದು ಎಂಟರ್ ಒತ್ತಿದರೆ ಹುಡುಕಾಟ, ‘ಕ್ಯು’ ಒತ್ತಿದರೆ ಹೊರಗೆ. ಒತ್ತಕ್ಷರಗಳು ಒಡೆದು, ಗುಣಿತ ಅಕ್ಕಪಕ್ಕಕ್ಕೆ ಸರಿದು ಕಂಡರೆ ಫೈಲು ಕೆಟ್ಟಿತೆಂದುಕೊಳ್ಳಬೇಡಿ. ಟರ್ಮಿನಲ್ ತೆರೆಯನ್ನು ಒಂದೇ ಅಗಲದ ಚೌಕಗಳಾಗಿ ಹಂಚಿಕೊಂಡಿರುತ್ತದೆ, ಕನ್ನಡ ಆ ಚೌಕಕ್ಕೆ ಒಗ್ಗುವ ಲಿಪಿಯಲ್ಲ. ಅದೇ ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಅಕ್ಷರ ಮುತ್ತಿನಂತಿರುತ್ತದೆ.

ಕ್ರಮ ಬಹುತೇಕ ನಿಘಂಟಿನದೇ ಬರುತ್ತದೆ. ಕ ಆದಮೇಲೆ ಕಾ, ಕಿ, ಕೀ; ಕ್ರ, ಕ್ಷ ಮುಂತಾದವು ಕೌ ಆದಮೇಲೆ. ಒಂದು ಕಡೆ ಮಾತ್ರ ಎಡವುತ್ತದೆ. ಯುನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಮತ್ತು ವ ನಡುವೆ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದಮೇಲೆ. ಹಾಗಾಗಿ ‘ಕಲ್ಲು, ಕಳ್ಳ, ಕವಡೆ, ಕಸ’ ಎಂದು ಸಾಲುಗಟ್ಟುತ್ತದೆ, ನಿಘಂಟಿನಲ್ಲಾದರೆ ಕಳ್ಳ ಕೊನೆಗೆ. ಅಚ್ಚಿಗೆ ಕೊಡುವಾಗ ಳ ಇರುವ ಸಾಲುಗಳನ್ನು ಕೈಯಾರೆ ಸರಿಸಿ.

ಯಾವ ಗಾದೆ ಎಷ್ಟು ಕಡೆ ಸಿಕ್ಕಿದೆ ಎಂಬ ಲೆಕ್ಕ ಸಂಗ್ರಹಕಾರರಿಗೆ ಬೇಕಾಗುವಂಥದ್ದು. ಅದಕ್ಕೆ ಪೈಪ್ ಎಂಬ ನೇರ ಗೆರೆ ಇದೆ. 1973ರಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ಗೆ (ಲಿನಕ್ಸ್‌ನ ಮೂಲಮಾದರಿ) ಅಲ್ಲಿನ ಸಂಶೋಧಕ ಡಗ್ ಮೆಕಿಲ್‌ರಾಯ್ ಒತ್ತಾಯದಿಂದ ಬಂದ ಸೌಲಭ್ಯ ಇದು, ಒಂದರ ಫಲಿತಾಂಶವನ್ನು ಇನ್ನೊಂದರ ಬಾಯಿಗೆ ಹಾಕುತ್ತದೆ:

ಎಲ್‌ಸಿ_ಆಲ್=ಸಿ ಸಾರ್ಟ್ * | ಎಲ್‌ಸಿ_ಆಲ್=ಸಿ ಯುನಿಕ್ -ಸಿ | ಸಾರ್ಟ್ -ಆರ್‌ಎನ್ | ಲೆಸ್

ಯುನಿಕ್ ಎಂಬುದರ ಸ್ಪೆಲಿಂಗ್ ಕ್ಯು ಅಕ್ಷರಕ್ಕೇ ಮುಗಿಯುತ್ತದೆ, ಮುಂದೆ ಏನೂ ಇಲ್ಲ. ಅದು ಅಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ. ಮೊದಲು ಸಾರ್ಟ್ ಮಾಡದಿದ್ದರೆ ದೂರದೂರ ಇರುವ ಜೋಡಿಗಳು ಸಿಗುವುದಿಲ್ಲ. ‘-ಸಿ’ ಪ್ರತಿ ಸಾಲಿನ ಮುಂದೆ ಎಣಿಕೆ ಬರೆಯುತ್ತದೆ, ಕೊನೆಯ ಸಾರ್ಟ್ ಹೆಚ್ಚು ಸಲ ಬಂದದ್ದನ್ನು ಮೇಲಕ್ಕೆ ತರುತ್ತದೆ. ಇಂಥ ಉದ್ದ ಸಾಲನ್ನು ಒಟ್ಟಿಗೆ ಬರೆಯಬೇಡಿ. ಮೊದಲ ಪೈಪ್‌ನವರೆಗೆ ಓಡಿಸಿ, ನೋಡಿ, ಮೇಲಿನ ಬಾಣ ಒತ್ತಿ ಮುಂದಿನದನ್ನು ಸೇರಿಸಿ.

ಕೆಲವರು ಸಾರ್ಟ್ ಬದಲು ‘ಕ್ಯಾಟ್ *’ ಎಂದು ಶುರುಮಾಡುತ್ತಾರೆ. ಅಲ್ಲೊಂದು ಕುಳಿ ಇದೆ. ಫೈಲಿನ ಕೊನೆಯ ಸಾಲಿಗೆ ಎಂಟರ್ ಹೊಡೆಯದೆ ಉಳಿಸಿದ್ದರೆ, ಆ ಗಾದೆಯ ಬಾಲಕ್ಕೆ ಮುಂದಿನ ಫೈಲಿನ ಮೊದಲ ಗಾದೆ ಅಂಟಿಕೊಂಡು ಬರುತ್ತದೆ. ಸಾರ್ಟ್‌ಗೆ ನೇರವಾಗಿ ಫೈಲುಗಳನ್ನು ಕೊಟ್ಟರೆ ಅದು ತಾನೇ ಸಾಲು ಮುರಿದುಕೊಳ್ಳುತ್ತದೆ.

ಹುಡುಕಲು ಗ್ರೆಪ್. ‘ಗ್ರೆಪ್ -ಎನ್ ಅತ್ತೆ *’ ಎಂದರೆ ‘ಅತ್ತೆ’ ಇರುವ ಗಾದೆಗಳೆಲ್ಲ ಫೈಲಿನ ಹೆಸರು, ಸಾಲಿನ ಸಂಖ್ಯೆಯೊಂದಿಗೆ ಬರುತ್ತವೆ. ‘-ಎನ್’ ಬದಲು ‘-ಎಲ್’ ಕೊಟ್ಟರೆ ಫೈಲುಗಳ ಹೆಸರು ಮಾತ್ರ. ಕಣ್ಣೆದುರಿಗೇ ಇರುವ ಪದ ಸಿಗುತ್ತಿಲ್ಲವೆಂದರೆ ಎರಡು ಅನುಮಾನ ಇಟ್ಟುಕೊಳ್ಳಿ. ಒಂದು, ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ನಾವು ಹಾಕುವ ಅಗೋಚರ ಅಕ್ಷರ. ‘ಊರ್’ ಎಂಬುದರ ಕೊನೆಗೆ ಅದು ಇದ್ದರೂ ಇಲ್ಲದಿದ್ದರೂ ತೆರೆಯ ಮೇಲೆ ಒಂದೇ ರೂಪ. ಅದು ಎಲ್ಲೆಲ್ಲಿ ಕೂತಿದೆಯೆಂದು ಹಿಡಿಯಲು

ಗ್ರೆಪ್ -ಎನ್ $'\ಯು200ಸಿ' *

ಎರಡನೆಯದು ಇನ್ನೂ ಸೂಕ್ಷ್ಮ. ‘ಕೊ’ದ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎರಡನ್ನು ಸೇರಿಸಿಯೂ ಬರೆಯಬಹುದು. ಕಾಣುವುದು ಒಂದೇ, ಬೈಟ್‌ಗಳು ಬೇರೆ. ಬೇರೆ ಬೇರೆ ಸಾಫ್ಟ್‌ವೇರ್‌ನಲ್ಲಿ ಟೈಪ್ ಆದ, ಪರಿವರ್ತನೆಯಾದ ಪಠ್ಯ ಬೆರೆತಾಗ ಇದು ಎದುರಾಗಬಹುದು. ಐಸಿಯು-ಡೆವ್‌ಟೂಲ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡು

ಯುಕಾನ್ವ್ -ಎಕ್ಸ್ ಎನಿ-ಎನ್‌ಎಫ್‌ಸಿ ಗಾದೆ > ಗಾದೆ_ಹೊಸದು

ಎಂದರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತದೆ. ಬಲಗಡೆ ಬೇರೆ ಹೆಸರೇ ಕೊಟ್ಟದ್ದು ಯಾಕೆಂದು ಈಗ ಹೇಳಬೇಕಿಲ್ಲ.

ಎಣಿಕೆಯ ವಿಷಯದಲ್ಲೂ ಒಂದು ಸಣ್ಣ ಪ್ರಯೋಗ ಮಾಡಿ. ‘ಎಕೋ ಕನ್ನಡ | ಡಬ್ಲ್ಯುಸಿ -ಸಿ’ ಎಂದರೆ 16 ಬರುತ್ತದೆ, ‘-ಎಂ’ ಎಂದರೆ 6. ಕ, ನ, ಅರ್ಧಾಕ್ಷರದ ಗುರುತು, ಇನ್ನೊಂದು ನ, ಡ: ಒಟ್ಟು ಐದು ಸಂಕೇತ, ಯುಟಿಎಫ್-8ರಲ್ಲಿ ತಲಾ ಮೂರು ಬೈಟ್. ಅದಕ್ಕೆ ಎಕೋ ಸೇರಿಸುವ ಸಾಲಿನ ಅಂತ್ಯ ಒಂದು. ಗಾದೆ ಎಷ್ಟಿವೆ ಎಂದು ತಿಳಿಯಲು ನಿಮಗೆ ಬೇಕಾದದ್ದು ‘-ಎಲ್’, ಸಾಲುಗಳ ಎಣಿಕೆ.

ಮರೆತಾಗ ‘ಮ್ಯಾನ್ ಸಾರ್ಟ್’ ಎಂದು ಕೈಪಿಡಿ ತೆರೆಯಿರಿ, ಓಡಾಡುವ ಕೀಗಳು ಲೆಸ್‌ನವೇ. ಹಿಂದೆ ಬರೆದ ಸಾಲು ಬೇಕಾದರೆ ಕಂಟ್ರೋಲ್-ಆರ್ ಒತ್ತಿ ಅದರ ಒಂದು ತುಣುಕು ಹೊಡೆಯಿರಿ. ಉಬುಂಟುವಿನ ಬ್ಯಾಷ್ ಒಮ್ಮೆ ತೆರೆದ ಟರ್ಮಿನಲ್‌ನಲ್ಲಿ 1000 ಸಾಲು ನೆನಪಿಡುತ್ತದೆ, ನಿಮ್ಮ ಬಾಯಿಪಾಠಕ್ಕಿಂತ ಅದು ಗಟ್ಟಿ. ಓಡುತ್ತಿರುವುದನ್ನು ನಿಲ್ಲಿಸಲು ಕಂಟ್ರೋಲ್-ಸಿ. ಹಾಗಾಗಿ ನಕಲು, ಅಂಟಿಸುವಿಕೆಗೆ ಇಲ್ಲಿ ಶಿಫ್ಟ್ ಕೂಡ ಸೇರಿಸಿ ಒತ್ತಬೇಕು. ಟರ್ಮಿನಲ್ ಕಲ್ಲಿನಂತೆ ಕೂತು ಏನು ಹೊಡೆದರೂ ಕಾಣದಿದ್ದರೆ ಅಭ್ಯಾಸಬಲದಿಂದ ಸೇವ್ ಮಾಡಲೆಂದು ಕಂಟ್ರೋಲ್-ಎಸ್ ಒತ್ತಿರುತ್ತೀರಿ. ಕಂಟ್ರೋಲ್-ಕ್ಯು ಒತ್ತಿ, ಎದ್ದೇಳುತ್ತದೆ.

ದಿನದ ಕೆಲಸ ಮುಗಿದಮೇಲೆ ಇಡೀ ಸಂಗ್ರಹವನ್ನು ತಾರೀಖಿನ ಹೆಸರಲ್ಲಿ ಗಂಟು ಕಟ್ಟಿ ಪೆನ್‌ಡ್ರೈವ್‌ಗೆ ಹಾಕಿಡಿ. ‘ಸಂಗ್ರಹ’ ಇರುವ ಫೋಲ್ಡರಿಗೆ ವಾಪಸ್ ಬಂದು, ಅಂದರೆ ‘ಸಿಡಿ ..’ ಮಾಡಿ:

ಟಾರ್ -ಸಿಜೆಡ್‌ಎಫ್ ಸಂಗ್ರಹ-$(ಡೇಟ್ +%ಎಫ್).ಟಾರ್.ಜಿಜೆಡ್ ಸಂಗ್ರಹ

ಶೇಕಡಾ ಚಿಹ್ನೆಯ ನಂತರದ ಎಫ್ ದೊಡ್ಡಕ್ಷರ. ಆವರಣದೊಳಗಿನ ಕಮಾಂಡನ್ನು ಶೆಲ್ ಮೊದಲೇ ಓಡಿಸಿ, ಆ ಜಾಗದಲ್ಲಿ ಅಂದಿನ ತಾರೀಖು ಕೂರಿಸುತ್ತದೆ. ಫೈಲುಗಳನ್ನು ಬಿಡಿಬಿಡಿಯಾಗಿ ನಕಲಿಸುವುದಕ್ಕಿಂತ ಇದು ಮೇಲು. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ವಿಂಡೋಸ್ ಪದ್ಧತಿಯವು, ಪ್ರಶ್ನಾರ್ಥಕ ಚಿಹ್ನೆಯೋ ವಿವರಣ ಚಿಹ್ನೆಯೋ (:) ಇರುವ ಹೆಸರನ್ನು ಒಪ್ಪುವುದಿಲ್ಲ. ಗಂಟಿನೊಳಗೆ ಯಾವ ಹೆಸರಿದ್ದರೂ ನಡೆಯುತ್ತದೆ. ಕೊನೆಗೆ ತೆಗೆಯಲು ಹೋದಾಗ ಪೆನ್‌ಡ್ರೈವ್ ‘ಬ್ಯುಸಿ’ (ಬಳಕೆಯಲ್ಲಿದೆ) ಎಂದರೆ ಹೆಚ್ಚಾಗಿ ಬೇರೇನೂ ಅಲ್ಲ, ನಿಮ್ಮದೇ ಟರ್ಮಿನಲ್ ಅದರ ಫೋಲ್ಡರಿನೊಳಗೆ ನಿಂತಿರುತ್ತದೆ. ‘ಸಿಡಿ’ ಎಂದು ಬರೀ ಎರಡಕ್ಷರ ಹೊಡೆದು ಮನೆಗೆ ಬಂದು, ಮತ್ತೆ ಇಜೆಕ್ಟ್ ಒತ್ತಿ.